ಕ್ಷಮಿಸಿದ್ದಾಳೆಂದು ಅವರೇ ಹೇಳಿಬಿಟ್ಟರು

ಹೋಟೆಲುಗಳ ಚಾದರ, ದಿಂಬಿನ ಗವಸು ಒಗೆಯುವ ಆ ಲಾಂಡ್ರಿಯಲ್ಲಿ ಅವಳಿಗೆ ಕುಕ್ಕರಮ್ಮ ಎಂದು ಹೆಸರಿಟ್ಟಿದ್ದರು. ಒಳಗೊಳಗೇ ಕುದಿಯುವ ಹೆಂಗಸು, ಅಪರೂಪಕ್ಕೊಮ್ಮೆ ಕೂಗುತ್ತಾಳೆ, ಕೂಗಿದಳೆಂದರೆ ಕೆಲಸ ಆಯಿತೆಂದೇ ಅರ್ಥ. ಬೇಸಿಗೆಯಲ್ಲಿ ಕೆಟ್ಟುಹೋದ ಫ್ಯಾನನ್ನು ಮೇಲ್ವಿಚಾರಕ ನಾಳೆ ನಾಡಿದ್ದು ಎಂದು ಮುಂದೂಡುತ್ತಿದ್ದಾಗ ಅವಳು ಕೂಗಿದ್ದು ಒಂದೇ ಸಲ; ಸಂಜೆಯೊಳಗೆ ಫ್ಯಾನು ತಿರುಗಿತ್ತು. ಆ ಹೆಸರಿಟ್ಟವಳು, ಎತ್ತರದ ಆಳಾದ್ದರಿಂದ ತಾನೂ ಉದ್ದಕ್ಕ ಎನಿಸಿಕೊಂಡಿದ್ದವಳು. ಅವಳೂ ಇವಳೂ ರೋಲರಿನ ಜೊತೆಗಾತಿಯರು. ಒದ್ದೆ ಚಾದರದ ಎರಡು ಮೂಲೆಗಳನ್ನು ಇಬ್ಬರೂ ಹಿಡಿದು, ಒಂದೇ ಬಿಗಿಯಲ್ಲಿ ಎಳೆದು, ಕಾದ ಉರುಳೆಗಳ ನಡುವೆ ಬಿಡಬೇಕು. ಒಬ್ಬಳು ಸ್ವಲ್ಪ ಹೆಚ್ಚು ಎಳೆದರೂ ಚಾದರ ಸೊಟ್ಟಗಾಗುತ್ತದೆ, ಎಚ್ಚರ ತಪ್ಪಿದರೆ ಮೊಣಕೈವರೆಗೂ ಸುಡುತ್ತದೆ. ಇವಳ ಎರಡು ಕೈಗಳ ಮೇಲೂ ಹಳೆಯ ಬರೆಗಳಿದ್ದವು.

ಆ ಯಂತ್ರದ ಗದ್ದಲದಲ್ಲಿ ಎದುರಿಗೆ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವಳು ದೇವರ ಜೊತೆ ಮಾತಾಡಲು ಆ ಜಾಗವನ್ನೇ ಆರಿಸಿಕೊಂಡಿದ್ದಳು. ಮಾತೆಂದರೆ ಜಗಳ. ಮಗಳ ಜ್ವರ ಇಳಿಯದ ದಿನ, ಮನೆಯ ಸೂರು ಸೋರಿದ ದಿನ, ಅವಳು ಚಾದರ ಎಳೆಯುತ್ತ ಗಟ್ಟಿಯಾಗಿ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ತುಟಿ ಅಲುಗುವುದನ್ನು ನೋಡಿ ಉದ್ದಕ್ಕ ಎಷ್ಟೋ ಕಾಲ ಇವಳು ಹಾಡು ಹೇಳುತ್ತಿದ್ದಾಳೆಂದೇ ತಿಳಿದಿದ್ದಳು.

ಚರ್ಚಿನಲ್ಲಿ ಮಾತ್ರ ಅವಳ ಹೆಸರು ಬೇರೆ. ಅಲ್ಲಿ ಅವಳು ತಾಳ್ಮೆಯ ತಾಯಿ. ಭಾನುವಾರ ಗಾಯನ ತಂಡದಲ್ಲಿ ನಿಂತು ಮುಖ್ಯ ರಾಗಕ್ಕೆ ಜೊತೆಗೂಡುವ ಎರಡನೆಯ ದನಿಯಲ್ಲಿ ಹಾಡುವ, ಯಾರನ್ನೂ ಏನನ್ನೂ ಕೇಳದ, ಗಂಡ ಬಿಟ್ಟುಹೋದರೂ ಅತ್ತೆಯನ್ನು ಸಾಕುತ್ತಿರುವ ಹೆಣ್ಣು. ಸಹನೆಯ ಮೇಲೆ ಪ್ರಸಂಗ ಮಾಡುವಾಗಲೆಲ್ಲ ಪಾಸ್ಟರ್ ಅವಳ ಕಡೆ ಕೈ ತೋರಿಸುತ್ತಿದ್ದರು. ಎಲ್ಲರೂ ತಿರುಗಿ ನೋಡುತ್ತಿದ್ದರು. ಅವಳಿಗೆ ಅಂಗಡಿಯ ಗಾಜಿನೊಳಗೆ ನಿಲ್ಲಿಸಿದಂತಾಗಿ ಮೈ ಉರಿಯುತ್ತಿತ್ತು. ಆ ಉರಿಯನ್ನೂ ಜನ ನಾಚಿಕೆಯೆಂದುಕೊಂಡು ಮೆಚ್ಚುತ್ತಿದ್ದರು.

ಗಂಡ ಅದೇ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಮಗಳು ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ, ಚರ್ಚಿನ ಕೀಬೋರ್ಡನ್ನು ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಹೆಗಲಿಗೇರಿಸಿಕೊಂಡು ಹೋದ. ಹೋದವನು ಹೋದ. ಬೇರೆ ಊರಿನಲ್ಲಿ ಯಾರೋ ಹೆಂಗಸಿನ ಜೊತೆ ಸಂಸಾರ ಹೂಡಿದ್ದಾನೆಂದು ಆಮೇಲೆ ತಿಳಿಯಿತು. ಸಭೆಯವರು ಕೀಬೋರ್ಡಿಗಾಗಿ ಅತ್ತಷ್ಟು ಅವಳಿಗಾಗಿ ಅಳಲಿಲ್ಲ; ಅದು ಹೊಸದಾಗಿತ್ತು.

ಆಗ ಅತ್ತೆಯ ತಮ್ಮ ಬಂದು ಅಕ್ಕನನ್ನು ತನ್ನ ಮನೆಗೆ ಕರೆದ. ಅತ್ತೆ ಸೊಸೆಯ ಹಾಸಿಗೆಯ ತುದಿಯಲ್ಲಿ ಕೂತು, ಹೋಗಿದ್ದು ನನ್ನ ಮಗ, ನಾನ್ಯಾಕೆ ಹೋಗಲಿ ಎಂದಳು. ಅಷ್ಟೇ ಮಾತು. ಅಂದಿನಿಂದ ಮಗುವನ್ನು ಬೆಳೆಸಿದ್ದು, ಶಾಲೆಯಿಂದ ಕರೆತಂದದ್ದು, ಕೆಲಸದಿಂದ ಬರುವ ಸೊಸೆಗೆ ಬಿಸಿ ಊಟ ಮುಚ್ಚಿಟ್ಟದ್ದು, ಸುಟ್ಟ ಕೈಗೆ ಮುಲಾಮು ಹಚ್ಚಿದ್ದು ಎಲ್ಲ ಅತ್ತೆಯೇ. ಹಚ್ಚುವಾಗ ಬೈಯುತ್ತಲೇ ಹಚ್ಚುತ್ತಿದ್ದಳು. ಅತ್ತೆಯ ಕಾಲೂತಕ್ಕೆ ಮಂಗಳವಾರ ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ಕೊಡಿಸುವುದು ಮಾತ್ರ ಸೊಸೆಯ ಪಾಲು. ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂದು ಇಬ್ಬರಿಗೂ ದಿನಾ ಜಗಳ. ಪ್ರೀತಿ ಎಂಬ ಮಾತು ಆ ಮನೆಯಲ್ಲಿ ಹಾಡಿನ ಪುಸ್ತಕ ಬಿಟ್ಟು ಬೇರೆಲ್ಲೂ ಇರಲಿಲ್ಲ. ಆದರೆ ಆ ಮುದುಕಿ ಎರಡು ದಿನ ಕೆಮ್ಮಿದರೆ ಅಂದು ಸೊಸೆ ಎಳೆದ ಚಾದರಗಳೆಲ್ಲ ಸೊಟ್ಟಗಾಗುತ್ತಿದ್ದವು.

ಹೀಗಿರುವಾಗ ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಬಾಗಿಲ ಬಳಿ ಗಂಡಸಿನ ಬೂಟು. ಅಡುಗೆಮನೆಯಿಂದ ನಗು ಕೇಳಿಸಿತು. ಅತ್ತೆ, ಹೈಸ್ಕೂಲಿನ ಮಗಳು, ನಡುವೆ ಅವನು. ಬಿಳಿ ಅಂಗಿ, ನುಣ್ಣಗೆ ಬೋಳಿಸಿದ ಗಡ್ಡ, ಪಕ್ಕದಲ್ಲಿ ಬೈಬಲ್ಲು. ಹೆಂಡತಿಯದೇ ತಟ್ಟೆಯಲ್ಲಿ ಊಟ ಮಾಡುತ್ತಿದ್ದ. ಎದ್ದು ನಿಂತು, ಕೈ ಜೋಡಿಸಿ, ಕರ್ತನಿಗೆ ಸ್ತೋತ್ರ ಎಂದ.

ಅವಳು ಕೈ ತೊಳೆದುಕೊಂಡು ಬರುತ್ತೇನೆಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಬಕೆಟ್ ತುಂಬಿ ಹರಿಯಿತು. ಮಾತಾಡಬೇಕೆಂದರೆ ಅವನನ್ನು ಏನೆಂದು ಕರೆಯುವುದು? ‘ರೀ’ ಎನ್ನಲು ನಾಲಿಗೆ ಒಪ್ಪಲಿಲ್ಲ. ‘ನೀನು’ ಎನ್ನಲು ಅತ್ತೆಯ ಮುಖ ಅಡ್ಡ ಬಂತು. ಹೊರಗೆ ಬಂದು, ಯಾರನ್ನೂ ಏನೂ ಕರೆಯದೆ, ಗೋಡೆಗೆ ಹೇಳಿದಂತೆ ಕೇಳಿದಳು.

“ಆ ಹೆಂಗಸು ಏನಾದಳು?”

ಅವನು ತಲೆ ತಗ್ಗಿಸಿದ. “ಹಳೇದನ್ನೆಲ್ಲ ಕರ್ತ ಅಳಿಸಿಬಿಟ್ಟಿದ್ದಾನೆ.”

“ಅವಳನ್ನೂ ಅಳಿಸಿಬಿಟ್ಟನಾ?”

ಅವನು ಬೈಬಲ್ಲು ಎತ್ತಿಕೊಂಡು ಹೊರಟ. ಅವನು ಹೋದ ಮೇಲೆ ವಿಷಯ ಒಂದೊಂದಾಗಿ ಹೊರಬಿತ್ತು. ಅತ್ತೆ ಮಗನ ಜೊತೆ ತಿಂಗಳುಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದಳು. ಮಗಳಿಗೂ ಗೊತ್ತಿತ್ತು. ಚರ್ಚಿನ ಹಿಂದಿನ ಕೋಣೆಯನ್ನು ಪಾಸ್ಟರ್ ಅವನಿಗೆ ಬಿಟ್ಟುಕೊಟ್ಟಿದ್ದರು, ಅಂದರೆ ಅವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ತಾನೊಬ್ಬಳೇ. ತನ್ನ ಮನೆಯ ಸುದ್ದಿ ತನಗೇ ಎಲ್ಲರಿಗಿಂತ ಕೊನೆಗೆ ತಲುಪಿತ್ತು.

ಪಾಸ್ಟರ್ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಮಾತಾಡುವಾಗ ಎದುರಿನವರ ಮುಖ ನೋಡುವ ಅಭ್ಯಾಸವಿರಲಿಲ್ಲ. ಕ್ಷಮೆಯ ಬಗ್ಗೆ ಬಹಳ ಹೊತ್ತು ಹೇಳಿದರು. ಮನೆ ಬಿಟ್ಟುಹೋಗಿ, ಎಲ್ಲ ಕಳೆದುಕೊಂಡು, ತಂದೆಯ ಬಳಿಗೆ ಮರಳಿ ಬಂದು ಹಬ್ಬದೂಟ ಹಾಕಿಸಿಕೊಂಡ ಬೈಬಲ್ಲಿನ ಮಗನ ಕಥೆ ನೆನಪಿಸಿದರು. ಅವಳು ಚಹಾ ಲೋಟ ಅವರ ಮುಂದಿಟ್ಟು, ಆ ಮಗನಿಗೆ ಮದುವೆಯಾಗಿತ್ತಾ ಎಂದು ಕೇಳಿದಳು. ಆಗಿದ್ದರೆ ಹಬ್ಬದೂಟದ ಹೊತ್ತಿಗೆ ಹೆಂಡತಿ ಎಲ್ಲಿದ್ದಳು? ಒಲೆಯ ಮುಂದಾ? ಪಾಸ್ಟರ್ ನಕ್ಕು, ಕಥೆಯ ಸಾರ ಅದಲ್ಲಮ್ಮ ಎಂದು ಚಹಾ ಕುಡಿದು ಎದ್ದರು. ಹೋಗುವಾಗ, ನಿಮ್ಮಂಥ ತಾಳ್ಮೆಯವರಿಗೆ ಇದು ಕಷ್ಟವಲ್ಲ ಎಂದೂ ಹೇಳಿದರು. ಬಾಗಿಲು ಹಾಕಿಕೊಳ್ಳುವಾಗ ಅವಳಿಗೆ ಆ ಬಾಗಿಲನ್ನೇ ಕಿತ್ತು ಅವರ ಹಿಂದೆ ಎಸೆಯಬೇಕೆನಿಸಿತು.

ಮುಂದಿನ ಭಾನುವಾರ ದೇವರು ತನ್ನನ್ನು ಬದಲಿಸಿದನೆಂದು ಸಾಕ್ಷಿ ಹೇಳಲು ಅವನಿಗೆ ವೇದಿಕೆ ಕೊಟ್ಟರು. ಅವಳು ಗಾಯನ ತಂಡದ ಸಾಲಿನಲ್ಲಿ ನಿಂತಿದ್ದಳು, ಅವನ ಬೆನ್ನಿಗೆ ನಾಲ್ಕು ಮಾರು ದೂರ. ಅವನಿಗೆ ಮಾತು ಮೊದಲಿನಿಂದಲೂ ಚೆನ್ನಾಗಿ ಬರುತ್ತಿತ್ತು. ಕುಡಿದದ್ದು, ಬಿದ್ದದ್ದು, ಬೀದಿಯಲ್ಲಿ ಮಲಗಿದ್ದು, ಒಂದು ದಿನ ಬೆಳಕು ಕಂಡದ್ದು, ಎಲ್ಲವನ್ನೂ ರಸವತ್ತಾಗಿ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡರು. ತಾನಿಲ್ಲದ ಕಾಲದಲ್ಲಿ ತನ್ನ ಸಂಸಾರವನ್ನು ದೇವರೇ ಸಾಕಿದ ಎಂದ. ಅವಳು ತನ್ನ ಕೈಯ ಬರೆಗಳನ್ನು ನೋಡಿಕೊಂಡಳು. ಕೊನೆಗೆ ದನಿ ಗದ್ಗದ ಮಾಡಿಕೊಂಡು, ನನ್ನ ಹೆಂಡತಿ ನನ್ನನ್ನು ಪೂರ್ತಿ ಕ್ಷಮಿಸಿದ್ದಾಳೆ ಎಂದುಬಿಟ್ಟ. ಸಭೆ ಹೋ ಎಂದಿತು. ಪಾಸ್ಟರ್ ಅವಳ ಕಡೆ ತಿರುಗಿ, ಮುಂದೆ ಬಂದು ಕೈ ಹಿಡಿಯಿರಿ ಎಂದು ಕರೆದರು. ಹಿನ್ನೆಲೆಗೆ ಯಾರೋ ಮೆಲ್ಲಗೆ ಕೀಬೋರ್ಡ್ ಕೂಡ ಶುರು ಮಾಡಿದರು.

ಅವಳು ನಿಂತಲ್ಲಿಂದ ಕದಲಲಿಲ್ಲ. ಗಾಯನ ತಂಡದ ಮೈಕು ಅವಳ ಮುಂದೆಯೇ ಇತ್ತು.

“ನಾನು ಕ್ಷಮಿಸಿದ್ದೀನಿ ಅಂತ ನನಗೂ ಈಗಷ್ಟೇ ಗೊತ್ತಾಯ್ತು,” ಎಂದಳು. “ನನ್ನನ್ನ ಯಾರೂ ಕೇಳಲಿಲ್ಲ. ದೇವರ ಹತ್ರ ನನ್ನದೊಂದು ಜಗಳ ಇದೆ, ಅದಿನ್ನೂ ಮುಗಿದಿಲ್ಲ. ಮುಗಿದ ಮೇಲೆ ನಾನೇ ಬಂದು ಹೇಳ್ತೀನಿ. ಅಲ್ಲಿವರೆಗೂ ನನ್ನ ಪರವಾಗಿ ಯಾರೂ ಹೇಳೋದು ಬೇಡ.”

ಕೀಬೋರ್ಡ್ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಪಾಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಹಾಡಿನ ನಂಬರು ಹೇಳಿದರು. ಅವಳು ಹಾಡಿದಳು. ಎರಡನೆಯ ದನಿಯಿಲ್ಲದೆ ಆ ಹಾಡು ಕೂಡಿಬರುವುದಿಲ್ಲ, ಹಾಡಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ.

ಮನೆಯಲ್ಲಿ ಅತ್ತೆ ಸೀರೆ ಸಹ ಬದಲಿಸದೆ ಕೂತಿದ್ದಳು.

“ನಾಲ್ಕು ಜನರ ಮುಂದೆ ನನ್ನ ಮಗನ ಮಾನ ತೆಗೆದೆ.”

“ನೀವು ನನಗೆ ಒಂದು ಮಾತು ಹೇಳಬಹುದಿತ್ತು ಅತ್ತೆ.”

“ಹೇಳಿದ್ರೆ ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ನಾನು ಸುಮ್ಮನಾಗ್ತಿದ್ದೆ. ಸುಮ್ಮನಾಗಿ ಹಾಗೇ ಸತ್ತೂ ಹೋಗ್ತಿದ್ದೆ. ನಾನು ಅವನನ್ನ ಹೆತ್ತಿದ್ದೀನಿ ಕಣೇ.”

ಸೊಸೆ ಆಗ ಬಾಯಿಗೆ ಬಂದದ್ದೆಲ್ಲ ಅಂದಳು. ಹೆತ್ತ ಕರುಳಿನ ಜೊತೆಯೇ ಹೋಗಿ ಇರಿ ಎಂದೂ ಅಂದಳು. ಸಂಜೆಯೊಳಗೆ ಅತ್ತೆ ನಾಲ್ಕು ಸೀರೆ ಗಂಟು ಕಟ್ಟಿಕೊಂಡು ಮಗನ ಕೋಣೆಗೆ ಹೊರಟಳು. ಮೊಮ್ಮಗಳು ಗಂಟು ಹಿಡಿದುಕೊಂಡು ಜೊತೆಗೆ ಹೋಗಿ ಬಿಟ್ಟುಬಂದಳು. ಸೊಸೆ ಕಿಟಕಿ ಪೂರಾ ತೆರೆದಿಟ್ಟಳು, ಹಟಕ್ಕೆ.

ಆ ವಾರ ರೋಲರಿನ ಮುಂದೆ ದೇವರಿಗೆ ಉಳಿಗಾಲವಿರಲಿಲ್ಲ. ಅವನು ಮರಳಿ ಬರುವವರನ್ನು ಮಾತ್ರ ನೋಡುತ್ತಾನೆ, ಇದ್ದವರನ್ನು ನೋಡುವುದಿಲ್ಲ ಎಂದು ಅವಳ ದೂರು. ದಾರಿ ತಪ್ಪಿದವನಿಗೆ ಹಬ್ಬ, ದಾರಿಯಲ್ಲೇ ನಿಂತವಳಿಗೆ ಉಪದೇಶ. ಚರ್ಚಿನವರ ಕ್ಷಮೆ ಅವಳಿಗೆ ಲಾಂಡ್ರಿಯ ಬ್ಲೀಚಿನಂತೆ ಕಂಡಿತು. ಎರಡು ಲೋಟ ಹೆಚ್ಚಿಗೆ ಸುರಿದರೆ ಕಲೆ ಆ ಕ್ಷಣಕ್ಕೆ ಹೋಗುತ್ತದೆ, ನಾಲ್ಕು ಒಗೆತಕ್ಕೆ ಬಟ್ಟೆಯೇ ಹರಿಯುತ್ತದೆ. ಒಗೆಯುವವರಿಗೆ ಅದು ಗೊತ್ತು, ಸುರಿಯುವವರಿಗೆ ಗೊತ್ತಿಲ್ಲ. ಹಾಗೆ ಬೈಯುತ್ತಿರುವಾಗಲೇ ಅವಳಿಗೆ ಒಂದು ವಿಷಯ ಹೊಳೆದು ಇನ್ನಷ್ಟು ಸಿಟ್ಟು ಬಂತು. ಗಂಡನ ಮೇಲಿನ ಕೋಪ ಹಳತಾಗಿತ್ತು, ಚರ್ಮದ ಮೇಲಿನ ಬರೆಯಂತೆ ಮುಟ್ಟಿದರೆ ನೋಯುತ್ತಿರಲಿಲ್ಲ. ನೋಯುತ್ತಿದ್ದದ್ದು ಅತ್ತೆ. ಅವನು ಹೋದಾಗ ಅವಳು ಹಾಸಿಗೆ ಮಡಚಿ ಕೆಲಸಕ್ಕೆ ಹೋಗಿದ್ದಳು; ಮುದುಕಿ ಹೋದ ಮೇಲೆ ಊಟ ಸೇರುತ್ತಿರಲಿಲ್ಲ. ಇಂಥದ್ದನ್ನು ಪ್ರೀತಿ ಎಂದು ಕರೆಯುವುದಾದರೆ ಅದನ್ನು ಕೊಟ್ಟವನಿಗೆ ಸ್ವಲ್ಪವೂ ನಾಚಿಕೆ ಇಲ್ಲ ಎಂದು ಅವಳು ದೇವರಿಗೆ ನೇರವಾಗಿ ಹೇಳಿದಳು.

ಚಾದರ ಪರ್ರೆಂದು ಹರಿಯಿತು. ಉದ್ದಕ್ಕ ಯಂತ್ರ ನಿಲ್ಲಿಸಿ, ನಿಮ್ಮ ದೇವರಿಗೆ ಕಿವಿ ಇದ್ದರೆ ಪಾಪ ಎಂದು ಹೇಳಿ, ಅವಳಿಗೆ ನೀರು ತಂದುಕೊಟ್ಟಳು.

ಮಗಳು ಅಜ್ಜಿಯನ್ನು ನೋಡಿ ಬರುತ್ತಿದ್ದಳು. ಒಂದು ದಿನ ಶಾಲೆಯ ಚೀಲ ಇಳಿಸುತ್ತ, ಅಜ್ಜಿಯ ಕಾಲು ಊದಿದೆ, ಚಪ್ಪಲಿ ಹಿಡಿಸುತ್ತಿಲ್ಲ ಎಂದಳು. ತಾಯಿ ಹಾಕಿದ್ದ ಬಟ್ಟೆಯಲ್ಲೇ ಹೊರಟಳು.

ಕೋಣೆಯಲ್ಲಿ ಪ್ರಾರ್ಥನೆ ನಡೆದಿತ್ತು. ನಾಲ್ಕಾರು ಜನ ಕಣ್ಣು ಮುಚ್ಚಿ ನಿಂತಿದ್ದರು, ನಡುವೆ ಅವನು ತೋಳೆತ್ತಿ ಗಟ್ಟಿಯಾಗಿ ಬೇಡುತ್ತಿದ್ದ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ ಕೂತಿದ್ದಳು. ಕಣ್ಣು ತೆರೆದಿದ್ದವಳು ಅವಳೊಬ್ಬಳೇ. ಸೊಸೆ ಕೆಳಗೆ ಕೂತು ಹೆಬ್ಬೆರಳಿನಿಂದ ಪಾದ ಒತ್ತಿ ನೋಡಿದಳು. ಒತ್ತಿದ ಗುಳಿ ಮೇಲೇಳಲಿಲ್ಲ. ಮಾತ್ರೆ ಎಲ್ಲಿ ಎಂದಳು. ಅವು ಮುಗಿದು ಎಷ್ಟೋ ದಿನವಾಗಿತ್ತು.

“ದಿನಾ ನನಗೋಸ್ಕರ ಪ್ರಾರ್ಥನೆ ಮಾಡ್ತಾನೆ ಕಣೇ,” ಎಂದಳು ಅತ್ತೆ ಮೆಲ್ಲಗೆ, ಮಗನ ಪರ ವಹಿಸಿಕೊಂಡು. ಆಮೇಲೆ ಇನ್ನೂ ಮೆಲ್ಲಗೆ, “ಮಾತ್ರೆ ಮರೀತಾನೆ.”

ಅವನು ಕಣ್ಣು ತೆರೆದು ಹತ್ತಿರ ಬಂದು, ದೇವರು ಗುಣ ಮಾಡುತ್ತಾನೆ, ನನಗೆ ನಂಬಿಕೆಯಿದೆ ಎಂದ. ಆಗ ಅವಳು ಕೂಗಿದಳು. ಕರೆಯಲು ಪದ ಹುಡುಕಬೇಕಾಗಲಿಲ್ಲ.

“ನಿನಗೆ ನಂಬಿಕೆ ಇದೆ, ನನಗೂ ಇದೆ. ಮಾತ್ರೆ ತರೋರು ಯಾರು? ಕ್ಷಮೆ ಬೇಕಾ ನಿನಗೆ? ಮಂಗಳವಾರ ಆಸ್ಪತ್ರೆ. ಬಂದು ಅಮ್ಮನ್ನ ಕರ್ಕೊಂಡು ಹೋಗು, ಸಾಲಲ್ಲಿ ನಿಲ್ಲು, ಕರ್ಕೊಂಡು ಬಾ. ಅದರ ಮುಂದಿನ ಮಂಗಳವಾರನೂ ಹೋಗು. ಅದರದ್ದೂ ಸಾಕ್ಷಿ ಹೇಳಬೇಡ. ಸುಮ್ಮನೆ ಹೋಗು.”

ಪ್ರಾರ್ಥನೆಗೆ ಬಂದವರು ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. ಅವಳು ಗಂಟು ಕಟ್ಟಿ, ಅತ್ತೆಯನ್ನು ಎಬ್ಬಿಸಿ, ಆಟೋ ಹತ್ತಿಸಿದಳು. ಮುದುಕಿ ಎದುರು ಹೇಳಲಿಲ್ಲ. ಆದರೆ ದಾರಿಯುದ್ದಕ್ಕೂ ಆ ಕೋಣೆಯ ಸೊಳ್ಳೆ, ಸೊಟ್ಟ ಮಂಚ, ಗಾಳಿಯಾಡದ ಗೋಡೆ ಎಂದು ಗೊಣಗುತ್ತಲೇ ಬಂದಳು.

“ಸುಮ್ಮನಿರಿ ಅತ್ತೆ. ನನಗಿನ್ನೂ ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ.”

“ನನಗೇನು ಇಳಿದಿದೆಯಾ?” ಎಂದಳು ಅತ್ತೆ. “ಸರಿದು ಕೂತ್ಕೋ, ಕಾಲು ಚಾಚಬೇಕು.”

ಮಂಗಳವಾರ ಅವನು ತಡವಾಗಿ ಬಂದ. ಬಂದ ಎನ್ನುವುದು ಅವಳಿಗೆ ಅಚ್ಚರಿ, ತಡವಾಗಿ ಎನ್ನುವುದು ಅಲ್ಲ. ಒಂದು ವಾರ ತಪ್ಪಿಸಿದ. ಅತ್ತೆಯೇ ಫೋನಿನಲ್ಲಿ ಅವನ ಚರ್ಮ ಸುಲಿದಳು. ಮುಂದಿನ ವಾರ ಬಂದ. ಈಗಲೂ ಬರುತ್ತಾನೆ, ಹೊರಗಿನ ಕೋಣೆ ದಾಟಿ ಒಳಗೆ ಬರುವುದಿಲ್ಲ. ಮಗಳು ಆಗಾಗ ಅಪ್ಪನ ಜೊತೆ ತಿರುಗಾಡಿ ಬರುತ್ತಾಳೆ. ಅದು ತಾಯಿಗೆ ಚುಚ್ಚುತ್ತದೆ, ಆದರೂ ಹೊರಡುವ ಮುಂಚೆ ಹುಡುಗಿಯ ಅಂಗಿಗೆ ಇಸ್ತ್ರಿ ಹಾಕಿ ಕೊಡುತ್ತಾಳೆ. ಪಾಸ್ಟರ್ ಅವಳಿಗೆ ಕೆಲವು ಕಾಲ ಹಾಡುವುದರಿಂದ ವಿಶ್ರಾಂತಿ ತೆಗೆದುಕೊಳ್ಳಲು ಸೂಚಿಸಿದರು. ಬೇರೆ ಎರಡನೆಯ ದನಿ ಸಿಗದೆ ಆ ಮಾತು ಅಲ್ಲಿಗೇ ಬಿತ್ತು. ಸಹನೆಯ ಪ್ರಸಂಗದಲ್ಲಿ ಮಾತ್ರ ಅವರ ಕೈ ಮತ್ತೆ ಅವಳ ಕಡೆ ತಿರುಗಿಲ್ಲ. ನಡೆದದ್ದರಲ್ಲಿ ಅವಳಿಗೆ ನಿಜವಾಗಿ ಸಂತೋಷ ಕೊಟ್ಟದ್ದು ಅದೊಂದೇ.

ಸಂಜೆ ಊಟಕ್ಕೆ ಮುಂಚೆ ಅತ್ತೆ ಪ್ರಾರ್ಥನೆ ಮಾಡುತ್ತಾಳೆ. ಕೊನೆಯಲ್ಲಿ ಮಗನ ಹೆಸರು ಹಿಡಿದು ಬೇಡಿಕೊಂಡು, ಸೊಸೆಯ ಆಮೆನ್‌ಗಾಗಿ ಕಣ್ಣು ಮುಚ್ಚಿಕೊಂಡೇ ಕಾಯುತ್ತಾಳೆ. ಕೆಲವು ದಿನ ಅದು ಬರುತ್ತದೆ.

“ಊಟ ಆರಿಹೋಗುತ್ತೆ, ಹೇಳ್ತೀಯೋ ಇಲ್ವೋ?”

“ಇವತ್ತಿಲ್ಲ ಅತ್ತೆ,” ಎಂದು ಅವಳು ಬಡಿಸಲು ಶುರು ಮಾಡುತ್ತಾಳೆ.