ಯಾರ ಕಾಯಿಲೆಯನ್ನೂ ಬಾಯಲ್ಲಿ ಹೇಳದವರು

ಔಷಧಿ ಮಾವನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಬೆರಳುಗಳ ಉಗುರನ್ನು ಭಾನುವಾರಕ್ಕೊಮ್ಮೆ ಬುಡಮಟ್ಟ ತೆಗೆಯುತ್ತಿದ್ದವರು ಅದೊಂದನ್ನು ಬೆಳೆಯಲು ಬಿಟ್ಟಿದ್ದರು. ಅಂಚು ಹಳದಿಗಟ್ಟಿ, ಸಣ್ಣ ಚಮಚದ ಹಾಗೆ ಬಾಗಿತ್ತು. ಹತ್ತು ಗುಳಿಗೆಯ ಪಟ್ಟಿಯಿಂದ ಮೂರು ಬೇಕೆಂದರೆ ಅವರು ಕತ್ತರಿ ಹುಡುಕುತ್ತಿರಲಿಲ್ಲ. ಉಗುರಿನಿಂದ ಗೆರೆ ಎಳೆದು ಹಿಂದಕ್ಕೆ ಮಡಚಿದರೆ ಪಟ್ಟಿ ಚಟ್ ಎಂದು ಮುರಿಯುತ್ತಿತ್ತು. ಸಿದ್ದಾಪುರದ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಇಳಿಯುವ ದಾರಿಯಲ್ಲಿ ಅವರ ಅಂಗಡಿ. ನಮಗೆ ಅವರು ನೆಂಟರಲ್ಲ, ಜಾತಿಯೂ ಬೇರೆ. ಆದರೂ ತಾಲ್ಲೂಕಿಗೆಲ್ಲ ಅವರು ಮಾವ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಮಾವ ಔಷಧಿಯ ಹೆಸರನ್ನು ಜೋರಾಗಿ ಓದುತ್ತಿರಲಿಲ್ಲ. ಚೀಟಿ ನೋಡಿ, ಕಪಾಟಿಗೆ ತಿರುಗಿ, ತೆಗೆದು, ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಕೆಲವನ್ನು ಎರಡು ಸುತ್ತು ಸುತ್ತಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಪಕ್ಕದಲ್ಲಿ ನಿಂತವರು ಕತ್ತು ಉದ್ದ ಮಾಡಿದರೆ, "ನಿಂಗೂ ಬೇಕನ? ಕಹಿ ಇದ್ದು, ನೋಡು" ಎನ್ನುವರು. ಕತ್ತು ಒಳಗೆ ಹೋಗುತ್ತಿತ್ತು. ಒಮ್ಮೆ ಒಬ್ಬ ಅಜ್ಜಿ, ಗುಳಿಗೆ ದೊಡ್ಡದಾಯಿತು, ಸಣ್ಣದು ಕೊಡು ಎಂದು ಹಟ ಹಿಡಿದಳು. "ಹಂಗಾರೆ ಕಾಯಿಲೆನೂ ಸಣ್ಣದು ಮಾಡ್ಕಂಡು ಬಾ ಅಜ್ಜಿ, ಎರಡಕ್ಕೂ ಜೋಡಿ ಆಗ್ತು" ಎಂದರು. ಅಜ್ಜಿ ನಗುತ್ತಲೇ ದೊಡ್ಡದನ್ನು ಒಯ್ದಳು.

ಅವರು ಆಗಾಗ ಹೇಳುತ್ತಿದ್ದ ಮಾತು ನನ್ನ ಡೈರಿಯಲ್ಲಿ ಎರಡು ಕಡೆ ಇದೆ: "ಕಾಯಿಲೆ ಅಂದ್ರೆ ಮನೆ ಬಾಗಿಲು ಇದ್ದಾಂಗೆ. ತೆಗೆಯುದಾದ್ರೆ ಮನೆಯವರೇ ತೆಗೀಬೇಕು."

ನಮ್ಮ ಮನೆಯ ಬಾಗಿಲು ನನ್ನ ಅಕ್ಕನದು. ಅವಳಿಗೆ ಹದಿಮೂರನೇ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ದಿನಕ್ಕೆರಡು ಗುಳಿಗೆ, ತಪ್ಪುವಂತಿಲ್ಲ. ಅಪ್ಪ ನಮ್ಮೂರು ಕೋಲಸಿರ್ಸಿಯಿಂದ ಸೈಕಲ್ಲಿನಲ್ಲಿ ಹೋಗಿ, ಬಾಳೆನಾರಿನ ಪೊಟ್ಟಣ ತಂದು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದ. ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

೧೯೯೪ರ ಜುಲೈಯಲ್ಲಿ ಘಟ್ಟದ ರಸ್ತೆ ಕುಸಿದು ಔಷಧಿಯ ಗಾಡಿ ಬರಲಿಲ್ಲ. ಮನೆಯಲ್ಲಿ ಗುಳಿಗೆ ಮುಗಿಯುತ್ತ ಬಂದಿತ್ತು. ಅಪ್ಪ ಎರಡು ದಿನ ಬರಿಗೈಯಲ್ಲಿ ಬಂದ. ಮೂರನೇ ದಿನ ಸಂಜೆ ಮಾವನೇ ಕೊಡೆ ಮಡಚುತ್ತ ನಮ್ಮ ಜಗಲಿ ಹತ್ತಿದರು. ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಶಿರಸಿಗೆ ಹೋಗಿದ್ದಾರೆ. ಅಲ್ಲಿ ಸಿಗದೆ ಯಲ್ಲಾಪುರದ ಬಸ್ಸು ಹತ್ತಿದ್ದಾರೆ. ಅಲ್ಲೊಂದು ಅಂಗಡಿಯಲ್ಲಿ ಎರಡು ಪಟ್ಟಿ ಸಿಕ್ಕಿದೆ. ಬೇಲಿಯಾಚೆಯಿಂದ ಪಕ್ಕದ ಮನೆಯವರು, "ಎಂತಾ ಮಾವ, ಇಷ್ಟು ದೂರ?" ಎಂದು ಕೂಗಿದರು. "ಜೇನುತುಪ್ಪಕ್ಕೆ ಬಂದಿದ್ದೆ" ಎಂದರು ಮಾವ. ಆಮೇಲೆ ಅಮ್ಮನ ಕಡೆ ತಿರುಗಿ ದನಿ ತಗ್ಗಿಸಿ, "ಒಂದು ಬಾಟ್ಲಿ ಕೊಡು ತಂಗಿ. ಸುಳ್ಳು ಹೇಳಿದ ಮೇಲೆ ಪೂರ್ತಿ ಹೇಳ್ಬೇಕು" ಎಂದರು. ಜೇನಿನ ಬಾಟ್ಲಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಗದ್ದೆಯ ಬದುವಿನ ಮೇಲೆ ನಡೆದುಹೋದರು. ಅವತ್ತು ನಾನು ಅವರನ್ನು ನೋಡಿದ ಹಾಗೆ ದೇವರನ್ನೂ ನೋಡಿಲ್ಲ.

೨೦೦೧ರಲ್ಲಿ ನಾನು ಶಿರಸಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದೆ. ಅದೇ ಮಳೆಗಾಲದ ಕೊನೆಗೆ ಮಾವ ಕೆಲಸಕ್ಕೆ ಬಾ ಎಂದು ಹೇಳಿಕಳಿಸಿದರು. ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕಂಪ್ಯೂಟರ್ ಕೂತಿತ್ತು. ಮಾವ ಅದನ್ನು ಹೊಸ ಸೊಸೆಯನ್ನು ನೋಡುವ ಹಾಗೆ ದೂರದಿಂದ ನೋಡುತ್ತಿದ್ದರು. ತಂದುಕೊಟ್ಟವನು ಹುಬ್ಬಳ್ಳಿಯ ಕಡೆಯ ಔಷಧ ಕಂಪನಿಯೊಂದರ ಪ್ರತಿನಿಧಿ. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ನಗುಮುಖ. "ಬರ್ರಿ ಮೇಡಂ, ಕೂಡ್ರಿ. ಇದರಾಗ ಎಲ್ಲಾ ಐತಿ ನೋಡ್ರಿ. ಯಾವ ಔಷಧ ಖಾಲಿ ಆಗಾಕತ್ತೈತಿ ಅಂತ ಅದೇ ಹೇಳತೈತಿ" ಎಂದ.

ಅದು ಸುಳ್ಳಲ್ಲ. ಕಂಪ್ಯೂಟರ್ ಬಂದ ಮೇಲೆ ಆ ಅಂಗಡಿಯಲ್ಲಿ ಔಷಧಿ ಇಲ್ಲವೆಂಬ ಮಾತು ಬರಲಿಲ್ಲ. ಅವಧಿ ಮುಗಿಯುವ ಔಷಧಿ ಮೊದಲೇ ಗೊತ್ತಾಗುತ್ತಿತ್ತು. ಯಾರಿಗೆ ಯಾವಾಗ ಏನು ಬೇಕಾಗುತ್ತದೆಂದು ಮುಂಚೆಯೇ ತಿಳಿದು ತರಿಸಿಡುತ್ತಿದ್ದೆವು. ಮಾವ ಮೂವತ್ತು ವರ್ಷ ತಲೆಯಲ್ಲಿಟ್ಟುಕೊಂಡಿದ್ದನ್ನು ನಾನು ನಾಲ್ಕು ತಿಂಗಳಲ್ಲಿ ಒಳಗೆ ಇಳಿಸಿದೆ. ಅವರು ಮೆಲ್ಲಗೆ ಹೇಳುವುದು, ನಾನು ಟೈಪ್ ಮಾಡುವುದು. ಹೆಸರು, ಊರು, ಡಾಕ್ಟರು, ಔಷಧಿ, ಕಾಯಿಲೆ.

"ಕಾಯಿಲೆ ಎಂತಕ್ಕೆ ಮಾವ? ಔಷಧಿ ಬರೆದರೆ ಸಾಕಲ್ದಾ?" ಎಂದು ಮೊದಲ ವಾರವೇ ಕೇಳಿದ್ದೆ.

"ಹುಡುಕುಲೆ ಸುಲಭ ಆಗ್ತಡ."

ಅಕ್ಕನ ಹೆಸರನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಕಾಯಿಲೆಯ ಜಾಗ ಖಾಲಿ ಬಿಟ್ಟು ನೋಡಿದೆ, ಕಂಪ್ಯೂಟರ್ ಒಪ್ಪಲಿಲ್ಲ. ಕೆಂಪು ಅಕ್ಷರದಲ್ಲಿ ತುಂಬು ಎಂದಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಮಾವ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು.

"ಬರಿ ಕೂಸೇ. ಇದು ಇಲ್ಲೇ ಇಪ್ಪದು. ಈ ಬಾಗಿಲು ದಾಟಿ ಹೋಪದಲ್ಲ. ಆನು ಹೇಳ್ತಾ ಇದ್ದೆ ಅಲ್ದ?"

ಅವರು ಹೇಳಿದ ಮೇಲೆ ಮುಗಿಯಿತು. ಬರೆದೆ.

ಪ್ರತಿ ತಿಂಗಳ ಮೊದಲ ವಾರ ಪ್ರತಿನಿಧಿ ಬರುತ್ತಿದ್ದ. ನನ್ನನ್ನು ಕುರ್ಚಿಯಿಂದ ಏಳಿಸಿ, ಫ್ಲಾಪಿ ಹಾಕಿ, ಚಹಾ ಕುಡಿಯುವಷ್ಟರಲ್ಲಿ ತೆಗೆದು ಜೇಬಿಗೆ ಇಳಿಸುತ್ತಿದ್ದ. ಏನದು ಎಂದರೆ, "ಸ್ಟಾಕಿನ ಲೆಕ್ಕ" ಎನ್ನುತ್ತಿದ್ದರು ಮಾವ.

೨೦೦೨ರ ಜೂನಿನಲ್ಲಿ ಅಕ್ಕ ಕೋಲಸಿರ್ಸಿಯಲ್ಲಿ ಶಿಶುವಿಹಾರ ಶುರುಮಾಡಿದಳು. ಹಾಲಿನ ಡೇರಿಯ ಪಕ್ಕದ ಕೋಣೆ. ಗೋಡೆಗೆ ಅವಳೇ ಆನೆ, ಕಪ್ಪೆ ಬರೆದಳು. ಕಪ್ಪೆ ಆನೆಗಿಂತ ದೊಡ್ಡದಾಗಿ ಬಂತು, ಮಕ್ಕಳಿಗೆ ಅದೇ ಇಷ್ಟ. ಮೊದಲ ದಿನ ಏಳು ಮಕ್ಕಳಿದ್ದರು, ವರ್ಷ ತುಂಬುವಾಗ ಹತ್ತೊಂಬತ್ತು. ಅವಳಿಗೆ ಕೊನೆಯ ಸಲ ಮೂರ್ಛೆ ಬಂದು ಏಳು ವರ್ಷವಾಗಿತ್ತು. "ನನಗೆ ಬೇರೆ ಎಂತದೂ ಬೇಡ. ಇದೊಂದು ನಡೀಲಿ" ಎನ್ನುತ್ತಿದ್ದಳು. ಆ ಕೋಣೆಯಲ್ಲಿ ಅವಳು ನಮ್ಮ ಮನೆಯಲ್ಲಿರುವುದಕ್ಕಿಂತ ಗಟ್ಟಿಯಾಗಿ ನಗುತ್ತಿದ್ದಳು.

ನಮ್ಮ ಕಡೆ ಟಪಾಲು ಬರುವ ಕ್ರಮವನ್ನು ಇಲ್ಲಿ ಹೇಳಬೇಕು. ಮನೆಗಳು ಗದ್ದೆಯಂಚಿಗೆ ಚದುರಿಕೊಂಡಿವೆ. ಹಾಗಾಗಿ ಪೋಸ್ಟ್‌ಮನ್ ಎಲ್ಲರ ಕಾಗದವನ್ನೂ ಕ್ರಾಸಿನ ಕಿರಾಣಿ ಅಂಗಡಿಯ ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟುಹೋಗುತ್ತಾನೆ. ಆ ಕಡೆ ಹೋಗುವವರು ಅಕ್ಕಪಕ್ಕದವರದನ್ನೂ ಒಯ್ಯುತ್ತಾರೆ. ಲಕೋಟೆಯನ್ನು ಯಾರೂ ಒಡೆಯುವುದಿಲ್ಲ. ಕಾರ್ಡನ್ನು ಮಾತ್ರ ಎಲ್ಲರೂ ಓದುತ್ತಾರೆ. ಓದಿ, ಸುದ್ದಿಯನ್ನು ಬಾಯಲ್ಲಿ ಮೊದಲೇ ಮುಟ್ಟಿಸುವುದು ಉಪಕಾರವೆಂದೇ ಲೆಕ್ಕ.

೨೦೦೩ರ ಜುಲೈಯಲ್ಲಿ ಆ ಡಬ್ಬಿಗೆ ಅಚ್ಚು ಹಾಕಿಸಿದ ಕಾರ್ಡುಗಳು ಬಂದವು. ಹುಬ್ಬಳ್ಳಿಯಲ್ಲಿ ಕೂತು ಕಳಿಸಿದವರಿಗೆ ಅಗ್ಗವೆಂದು ಕಂಡಿರಬೇಕು. ಅಕ್ಕನಿಗೆ ಬಂದದ್ದರಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ 'ಮೂರ್ಛೆರೋಗಿಗಳಿಗೆ ಉಚಿತ ತಪಾಸಣಾ ಶಿಬಿರ' ಎಂದಿತ್ತು. ಕೆಳಗೆ ಅವಳ ಹೆಸರು, ಕೇರಿ, ಊರು. ಮೂಲೆಯಲ್ಲಿ ನಮ್ಮ ಅಂಗಡಿಗೆ ಕಂಪ್ಯೂಟರ್ ಕೊಟ್ಟ ಕಂಪನಿಯ ಗುರುತು.

ತಂದುಕೊಟ್ಟವರು ಶಿಶುವಿಹಾರದ ಒಂದು ಮಗುವಿನ ಅಪ್ಪ. ಬೆಳಿಗ್ಗೆ, ಮಕ್ಕಳನ್ನು ಬಿಡಲು ಬಂದ ತಾಯಂದಿರ ಎದುರಿಗೇ.

"ಟೀಚರೇ, ಇದು ನಿಮ್ಮ ಹೆಸರಿಗೆ ಬಂದದೆ. ತಪ್ಪಿ ಬಂತಾ ಎಂತ?"

ತಪ್ಪಿ ಬಂದಿದೆ ಎನ್ನಬಹುದಿತ್ತು. ಅಕ್ಕ ಓದಿದಳು, ಇನ್ನೊಮ್ಮೆ ಓದಿದಳು. "ಇಲ್ಲ. ನನ್ನದೇ" ಎಂದಳು.

ಮರುದಿನ ಹನ್ನೊಂದು ಮಕ್ಕಳು. ವಾರ ಕಳೆಯುವಾಗ ಆರು. ಯಾರೂ ಜಗಳವಾಡಲಿಲ್ಲ. ಒಬ್ಬಳಿಗೆ ಜ್ವರ, ಇನ್ನೊಬ್ಬ ಅಜ್ಜಿಮನೆಗೆ ಹೋಗಿದ್ದಾನೆ. ಒಬ್ಬ ತಾಯಿ ಮಾತ್ರ ನಮ್ಮ ಮನೆಗೇ ಬಂದು ಕಣ್ಣೀರು ಹಾಕಿಕೊಂಡು ಹೇಳಿದಳು: "ನೀವು ಒಳ್ಳೆಯವರೇ ಟೀಚರೇ. ಆದ್ರೆ ಮಗು ಸೊಂಟದ ಮೇಲಿದ್ದಾಗ ಬಿದ್ದುಬಿಟ್ರೆ? ನಮಗೆ ಹೆದರಿಕೆ ಆಗ್ತದೆ. ಏಳು ವರ್ಷ ಬಂದಿಲ್ಲ ಅಂತ ನೀವು ಹೇಳ್ತೀರಿ. ಬೇರೆ ಯಾರಿಗಾದ್ರೂ ಗೊತ್ತುಂಟಾ?"

ಗೊತ್ತಿದ್ದವರು ಒಬ್ಬರಿದ್ದರು.

ನಾನು ಒಂದು ವಾರ ಅಕ್ಕನ ಜೊತೆಗಿದ್ದು, ಆಮೇಲೆ ಅಂಗಡಿಗೆ ಹೋದಾಗ ಮಾವ ಗುಳಿಗೆ ಪಟ್ಟಿ ಮುರಿಯುತ್ತಿದ್ದರು. ಗಿರಾಕಿ ಹೋಗುವವರೆಗೆ ಕಾದು ಕಾರ್ಡನ್ನು ಕೌಂಟರಿನ ಮೇಲಿಟ್ಟೆ. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಅಂಥದ್ದು ಅವರಿಗೆ ಹೊಸದಲ್ಲವೆಂದು ಅದರಿಂದಲೇ ಗೊತ್ತಾಯಿತು. ಆ ವಾರ ಬೇರೆಯವರೂ ಬಂದು ಕಾರ್ಡು ತೋರಿಸಿರಬೇಕು, ಇಲ್ಲವೇ ಬರುವುದನ್ನೇ ಬಿಟ್ಟಿರಬೇಕು.

"ಸ್ಟಾಕಿನ ಲೆಕ್ಕ ಅಂದಿದ್ರಿ."

"ಕಾರ್ಡು ಹಾಕ್ತ ಹೇಳಿ ಎಂಗೆ ಗೊತ್ತಿತ್ತಿಲ್ಲೆ."

"ಹೆಸರು ಒಯ್ತಾನೆ ಅಂತ ಗೊತ್ತಿತ್ತಾ?"

ಮಾವ ರಸ್ತೆಯ ಕಡೆ ನೋಡಿದರು. "ಕಂಪ್ಯೂಟರು ಧರ್ಮಕ್ಕೆ ಬತ್ತನೇ ಕೂಸೇ?"

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಬರೀತಿದ್ದಿಲ್ಲೆ."

ಅವರು ಅದನ್ನು ಒರಟಾಗಿ ಹೇಳಲಿಲ್ಲ. ಗುಳಿಗೆ ಊಟದ ಮೇಲೆ ತಗೊ ಎನ್ನುವ ದನಿಯಲ್ಲೇ ಹೇಳಿದರು. ಎರಡು ವರ್ಷ ನನ್ನ ಪಕ್ಕದಲ್ಲಿ ಕೂತು, ಊರಿನವರ ಕಾಯಿಲೆಗಳನ್ನು ಒಂದೊಂದಾಗಿ ಪಿಸುದನಿಯಲ್ಲಿ ಹೇಳುವಾಗ, ಅದು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಹಾಗಾದರೆ ಆ ಪಿಸುದನಿ ಯಾರಿಗೆ ಕೇಳಬಾರದೆಂದು? ಅಂಗಡಿಯೆದುರು ನಿಂತ ನಾಲ್ಕು ಜನಕ್ಕೆ.

ಆದರೂ ನಾನು ಅವತ್ತು ಜಗಳಕ್ಕೆ ಹೋಗಿರಲಿಲ್ಲ, ಕೇಳಿಕೊಳ್ಳಲು ಹೋಗಿದ್ದೆ. "ಮಾವ, ಒಂದು ದಿನ ಕೋಲಸಿರ್ಸಿಗೆ ಬನ್ನಿ. ಮಕ್ಕಳ ಮನೆಯವರನ್ನು ಕರೀತೇನೆ. ಅಕ್ಕ ಒಂದು ಹೊತ್ತೂ ಗುಳಿಗೆ ತಪ್ಪಿಸಿಲ್ಲ, ಏಳು ವರ್ಷ ಏನೂ ಆಗಿಲ್ಲ ಅಂತ ಹೇಳಿ. ನಾವು ಹೇಳಿದ್ರೆ ನಂಬೂದಿಲ್ಲ, ನೀವು ಹೇಳಿದ್ರೆ ನಂಬ್ತಾರೆ. ಇನ್ನೂ ಆರು ಮಕ್ಕಳಿದ್ದಾರೆ."

ಅವರು ತಲೆಯಲ್ಲಾಡಿಸಿದರು.

"ಆನು ಯಾರ ಕಾಯಿಲೆನೂ ಬಾಯಲ್ಲಿ ಹೇಳ್ತಿಲ್ಲೆ. ನಿಂಗೆ ಗೊತ್ತಿದ್ದು."

ತಮಾಷೆಯಿರಬೇಕೆಂದು ಅವರ ಮುಖ ನೋಡಿದೆ. ತಮಾಷೆಯಿರಲಿಲ್ಲ. ಅವರು ನಿಜವಾಗಿಯೂ ತಾವು ವ್ರತ ಮುರಿಯದವರೆಂದೇ ನಂಬಿದ್ದರು. ಫ್ಲಾಪಿಯಲ್ಲಿ ಹೋದದ್ದು ಹೇಳಿದ್ದಲ್ಲ, ಕೊಟ್ಟದ್ದೂ ಅಲ್ಲ, ಹೇಗೋ ಹೋದದ್ದು. ಬಾಯಿ ಮಾತ್ರ ಅವರದು, ಅದು ಶುದ್ಧವಾಗಿತ್ತು. ಈಗ ಅದೇ ಬಾಯಿಂದ ನಾಲ್ಕು ಮಾತು ಬಂದರೆ ಅಕ್ಕನ ಕೋಣೆ ಉಳಿಯುತ್ತಿತ್ತು. ಆ ನಾಲ್ಕು ಮಾತಿಗೆ ನಿಯಮ ಅಡ್ಡ ಬಂತು.

ನನ್ನ ಬಳಿಯಿದ್ದ ಅಂಗಡಿಯ ಕೀಲಿಕೈಯನ್ನು ಕೌಂಟರಿನ ಮೇಲಿಟ್ಟು ಬಂದೆ. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವತ್ತಿನ ಡೈರಿಯಲ್ಲಿ ಹವಾಮಾನ ಮಾತ್ರ ಬರೆದಿದ್ದೇನೆ.

ದೀಪಾವಳಿಗೆ ಮುಂಚೆ ಅಕ್ಕ ಶಿಶುವಿಹಾರ ಮುಚ್ಚಿದಳು. ಕೊನೆಯ ದಿನ ಬಂದದ್ದು ಇಬ್ಬರು, ಅದರಲ್ಲೊಂದು ಡೇರಿಯವರ ಮಗು. ಬಾಗಿಲು ಹಾಕಿಕೊಂಡು ಗೋಡೆಗೆ ಸುಣ್ಣ ಬಳಿದಳು. ನಾನು ಬಳಿಯುತ್ತೇನೆಂದರೆ ಬ್ರಷ್ ಕೊಡಲಿಲ್ಲ. ಈಗ ಅವಳು ಯಲ್ಲಾಪುರದ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಳ್ಳುತ್ತಾಳೆ. ಕೆಲಸಕ್ಕೆ ಸೇರಿದ ದಿನವೇ, ಕೇಳುವ ಮೊದಲೇ, ತನ್ನ ಕಾಯಿಲೆಯನ್ನು ಹೇಳಿಬಿಟ್ಟಳಂತೆ. "ಇನ್ನು ಯಾರಿಗೂ ನನ್ನ ಬಗ್ಗೆ ಕಾರ್ಡ್ ಬರೀಲಿಕ್ಕಾಗೂದಿಲ್ಲ" ಎಂದಳು. ಆದರೆ ಅವಳು ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವುದಿಲ್ಲ. ನೆಂಟರ ಮಕ್ಕಳು ಕೈ ಚಾಚಿದರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ, ಅಷ್ಟೇ.

ಮಾವ ತೀರಿಕೊಂಡದ್ದು ೨೦೦೭ರ ಚಳಿಗಾಲದಲ್ಲಿ. ನಾನು ಆಗ ಇಸಳೂರಿನಲ್ಲಿ ಬಾಡಿಗೆ ಮನೆ ಮಾಡಿ ಶಿರಸಿಯ ಒಂದು ಕಚೇರಿಯಲ್ಲಿದ್ದೆ. ಹೋಗಬಾರದೆಂದು ಮೂರು ದಿನ ಕೂತು, ನಾಲ್ಕನೇ ದಿನ ಅವರ ಮನೆಗೆ ಹೋದೆ. ಮಾವನ ಹೆಂಡತಿ, ನಮಗೆಲ್ಲ ಅತ್ತೆ, ನನ್ನನ್ನು ಗುರುತಿಸಿ ಒಳಗೆ ಕರೆದು ಚಾಪೆ ಹಾಕಿದರು.

"ಕಾಯಿಲೆ ಎಂತದು ಹೇಳಿ ಊರಲ್ಲಿ ಯಾರಿಗೂ ಗೊತ್ತಿಲ್ಲೆ" ಎಂದರು. "ಎರಡು ವರ್ಷ ಆತು. ಸ್ವಂತ ಅಂಗಡಿ ಇದ್ದೂ ಔಷಧಿ ತರುಲೆ ಶಿರಸಿಗೆ ಹೋಗ್ತಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹಳೇ ಅಂಗಡಿ ಇದ್ದಡ, ಕಂಪ್ಯೂಟರು ಇಲ್ಲದ್ದು. ಅಲ್ಲೂ ಬೇರೆ ಹೆಸರು ಹೇಳ್ತಿದ್ದ."

ಎರಡು ವರ್ಷ ಮಾವನೂ ನಾನೂ ಅದೇ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೆವು. ಬೇರೆ ಹೆಸರು ಹೇಳಬಹುದೆಂದು ಅವರಿಗೆ ಗೊತ್ತಿತ್ತು. ಅಕ್ಕನ ಹೆಸರು ಬರೆಸುವಾಗ ಅದು ನೆನಪಾಗಲಿಲ್ಲ.

ಅತ್ತೆ ಹತ್ತಿರ ಸರಿದು ದನಿ ತಗ್ಗಿಸಿದರು. "ನೀನು ಮನೆ ಕೂಸಿನ ಹಾಂಗೆ ಇದ್ದಿದ್ದೆ. ನಿಂಗೆ ಹೇಳ್ತೆ. ಅವಕ್ಕೆ ಎಂತ ಆಗಿತ್ತು ಹೇಳಿದ್ರೆ..."

ನಾನು ಅವರ ಕೈ ಹಿಡಿದೆ. "ಬೇಡ ಅತ್ತೆ. ಹೇಳಬೇಡಿ."

ಅದು ಮಾವನ ಮೇಲಿನ ಗೌರವವೆಂದು ಅತ್ತೆ ತಿಳಿದರು, ಕಣ್ಣು ಒರೆಸಿಕೊಂಡರು. ಅವರ ಗುಟ್ಟು ಕಾಯುವ ಕೆಲಸ ನನಗೆ ಬೇಡವಾಗಿತ್ತು, ಆದರೂ ತಿದ್ದಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಶಿರಸಿಯ ಬಸ್ಸಿಗೆ ಬಂದೆ.