ಬಡಕಲು ಮರುಗದ ಪರಿಮಳ

"ಮರುಗ ಮೂಸಿದ್ದಕ್ಕ ಯಾರು ಡಿಗ್ರಿ ಕೊಡ್ತಾರಲೇ? ಈ ಜನ್ಮದಾಗ ಆಗೂದಿಲ್ಲ ಬಿಡು!" ಎಂದವರು, ಗಿಡಗಳ ಬಗ್ಗೆ ಕಾಲೇಜಿನಲ್ಲಿ ಓದುತ್ತೇನೆಂದಾಗ, ನನ್ನನ್ನು ಸಾಕಿದ ಸೋದರಮಾವ. ಮಸ್ಕಿಯ ಬಾವಿ ದಂಡೆಯಲ್ಲಿ ಮರುಗ ಬೆಳೆದು, ಸಂತೆಯಲ್ಲಿ ಹೂವಿನ ಜೊತೆ ಮಾರುತ್ತಿದ್ದರು. ಕುರಿಗೊಬ್ಬರ ಸುರಿದಷ್ಟೂ ಪರಿಮಳ ಹೆಚ್ಚುತ್ತದೆ ಎಂದೇ ಅವರ ನಂಬಿಕೆ.

ಸ್ವಾತಂತ್ರ್ಯಕ್ಕೆ ಮುಂಚಿನ ಆ ದಿನಗಳಲ್ಲಿ ಹೈದರಾಬಾದಿನ ಕಾಲೇಜಿನಲ್ಲಿ ಪಾಠವೂ ಉರ್ದು, ಹರಟೆಯೂ ಉರ್ದು. ನಾನು ಕನ್ನಡದಲ್ಲಿ ಮಾತಾಡುತ್ತಿದ್ದುದು ಊರಿಂದ ಒಯ್ದ ಮರುಗದ ಗಿಡಗಳ ಜೊತೆ ಮಾತ್ರ. ಕೆಲವು ಕುಂಡಗಳಿಗೆ ಗೊಬ್ಬರ ಧಾರಾಳವಾಗಿ ಹಾಕಿದೆ, ಕೆಲವಕ್ಕೆ ಸ್ವಲ್ಪವೇ. ಸೊಪ್ಪನ್ನು ಸಮನಾಗಿ ತೂಗಿ ಭಟ್ಟಿ ಇಳಿಸಿದಾಗ, ಕೊಬ್ಬಿದ ಗಿಡಕ್ಕಿಂತ ಬಡಕಲು ಗಿಡದಲ್ಲೇ ಪರಿಮಳದ ಎಣ್ಣೆ ಹೆಚ್ಚು ಬಂತು. ಓಡಿ ಹೋಗಿ ಹೇಳೋಣವೆಂದರೆ ಅಲ್ಲಿ ನನ್ನವರು ಯಾರಿದ್ದರು?

ನಮ್ಮ ಮನೆತನದ ಮೊದಲ ಪದವೀಧರನಾಗಿ ಊರಿಗೆ ಬಂದು, ಉರ್ದುವಿನಲ್ಲಿದ್ದ ಪದವಿಯ ಸನದನ್ನು ಮಾವನ ಕೈಗಿಟ್ಟು ಇದನ್ನೆಲ್ಲ ಹೇಳಿದೆ. ಅವರಿಗೆ ಓದಲು ಬಾರದು. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅದನ್ನು ಹಿಡಿದರು. ಆದರೆ ನೋಡಿದ್ದು ನನ್ನ ಮುಖವನ್ನೇ.

"ಬಡಕಲು ಗಿಡದ ಮಾತಿರಲಿ. ನೀ ಯಾಕ ಹಿಂಗ ಬಡಕಾಗಿ ಬಂದೀಪಾ? ಅಲ್ಲಿ ಹೊಟ್ಟಿತುಂಬ ಉಂಡಿಲ್ಲೇನು?"