ಖಡಿ ಮಶೀನಿನ ಬಾಯಿಗೆ ನೀರು

ಬೊರಿವಲಿಯ ಗುಡ್ಡದ ಬದಿಯ ಜೋಪಡಿಗಳಲ್ಲಿ ಸುಂದ್ರವ್ವನ ಬಾಯಿಗೆ ಹೆದರದವರಿರಲಿಲ್ಲ. ಇಂಡಿ ಕಡೆಯಿಂದ ಗಂಡ ಚಂದ್ರಾಮನ ಜೊತೆ ಬಂದವಳು. ರೇಷನ್ ಅಂಗಡಿಯವನು ಜೋಳದಲ್ಲಿ ಮಣ್ಣು ಬೆರೆಸಿದರೆ ಅವನ ಜನ್ಮ ಜಾಲಾಡಿಯೇ ಮನೆಗೆ ಬರುತ್ತಿದ್ದಳು. ಅದಕ್ಕೇ ಕಲ್ಲುಗಣಿಯ ಮಾಲೀಕರಾದ ಸೇಠರ ಎದುರು ಮಾತಾಡಲು ಎಲ್ಲರೂ ಕೂಡಿ ಅವಳನ್ನು ಮುಂದೆ ಮಾಡಿದ್ದು.

ಕೇಳಬೇಕಾದದ್ದು ದೊಡ್ಡದೇನಲ್ಲ. ಗುಡ್ಡದ ಕಲ್ಲನ್ನು ಜಲ್ಲಿ ಮಾಡುವ ಖಡಿ ಮಶೀನಿನ ಬಾಯಿಗೆ ಒಂದು ನೀರಿನ ಪೈಪು. ಕಲ್ಲು ನೆನೆದರೆ ಧೂಳು ಅಷ್ಟಾಗಿ ಏಳುವುದಿಲ್ಲ. ಆ ಬಾಯಿಗೆ ಕಲ್ಲು ಸುರಿಯುತ್ತಿದ್ದ ಚಂದ್ರಾಮ ಆಗಲೇ ನಾಲ್ಕು ಹೆಜ್ಜೆ ನಡೆದರೆ ಕುಕ್ಕರಿಸುತ್ತಿದ್ದ. ಧೂಳು ನಿಲ್ಲದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೆಲಸ ಬಿಡೋಣವೆಂದರೆ ಜೋಪಡಿಯನ್ನೂ ಬಿಡಬೇಕು, ಅದು ನಿಂತಿದ್ದು ಸೇಠರ ಜಾಗದಲ್ಲಿ.

ಸೇಠರು ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅವರು ಒಳ್ಳೆಯವರು. ವ್ಯಾಪಾರಿಯ ಮೇಲೂ ಸಮಾಜದ ಋಣವಿದೆ ಎಂದು ಉದ್ಯಮಿಗಳ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದರು, ಆಡಿದ್ದಕ್ಕೆ ಸರಿಯಾಗಿ ೧೯೭೧ರಲ್ಲಿ ಜೋಪಡಿಗಳಿಗೆ ಒಂದು ನಲ್ಲಿಯನ್ನೂ ಹಾಕಿಸಿದರು. ಅಲ್ಲಿಯ ತನಕ ಹೆಂಗಸರು ಸ್ಟೇಷನ್ ಹತ್ತಿರದ ಬಾವಿಯಿಂದ ನೀರು ಹೊರುತ್ತಿದ್ದರು. ನಲ್ಲಿಯ ಉದ್ಘಾಟನೆಗೆ ಪತ್ರಿಕೆಯ ಫೋಟೋದವನು ಬಂದ, ಎಳೆ ವಯಸ್ಸಿನ ಸೇಠಾಣಿಯೂ ಬಂದರು.

ಬಾಗಿಲಿಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಸುಂದ್ರವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಜೊತೆಗೆ ತನ್ನ ಟ್ರಂಕಿನಲ್ಲಿದ್ದ ಒಂದೇ ಒಂದು ಹೊಸ ಕುಪ್ಪಸದ ಖಣ. ರೇಷ್ಮೆ ಸೆರಗೊಡ್ಡಿ ನಿಂತ ಸೇಠಾಣಿಯ ಕಣ್ಣು ತುಂಬಿ ಬಂತು. ತಾಯಿ ಸತ್ತ ಮೇಲೆ ತನಗೆ ಹೀಗೆ ಮಾಡಿದವರಿಲ್ಲ, ಇವತ್ತಿನಿಂದ ಇದೇ ತನ್ನ ತವರು ಎಂದು ಹಿಂದಿಯಲ್ಲಿ ಹೇಳಿ ಸುಂದ್ರವ್ವನನ್ನು ತಬ್ಬಿಕೊಂಡರು. ಮಕ್ಕಳಿಲ್ಲದ ಸುಂದ್ರವ್ವ ಕರಗಿ ನೀರಾದಳು.

ಸೇಠರು ಅದೇ ಹೊತ್ತು ನೋಡಿ, ಇನ್ನೇನಾದರೂ ಬೇಕೇ ಎಂದು ಕೇಳಿದರು: "ಬೋಲೋ ಬಾಯಿ, ಔರ್ ಕುಛ್ ಚಾಹಿಯೇ?"

ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಅವಳು ನೋಡಿದ್ದು ತಾನು ಈಗಷ್ಟೇ ತುಂಬಿದ ಸೆರಗನ್ನು. ಉಡಿ ತುಂಬಿದ ಕೈಯನ್ನೇ ಆ ಹೆಣ್ಣುಮಗಳ ಗಂಡನ ಮುಂದೆ ಒಡ್ಡುವುದು ಹೇಗೆ? ಮಗಳಿಗೆ ಕೊಟ್ಟು ಕಳಿಸುತ್ತಾರೆ, ಬೇಡಿ ಕಳಿಸುತ್ತಾರೆಯೇ?

"ಏನೂ ಬ್ಯಾಡ್ರಿ. ಮಗಳು ಬಂದ್ಲು, ಎಲ್ಲಾ ಬಂದ್ಹಂಗಾತು" ಎಂದುಬಿಟ್ಟಳು. ಆಳುಗಳ ಮೇಲಿನ ಮುಕಾದಮ ನೀಲಕಂಠಪ್ಪ ಅದನ್ನು ಹಿಂದಿಯಲ್ಲಿ ತಿಳಿಸಿದ. ಸೇಠರು ಕೈಮುಗಿದು ಕಾರು ಹತ್ತಿದರು.

"ಯಾಕ ಕೇಳಲಿಲ್ಲ?" ಎಂದ ಚಂದ್ರಾಮ, ಏದುಸಿರು ಬಿಡುತ್ತಾ.

"ಉಡಿ ತುಂಬೀನಿ. ಹ್ಯಾಂಗ ಕೇಳ್ಲಿ?"

"ಅದೂ ಖರೇನ" ಎಂದ. ಹೊಟ್ಟೆ ಉರಿಯುವುದು ಇದಕ್ಕೇ. ಸಾಯುವವನಿಗೂ ಅವಳು ಮಾಡಿದ್ದು ಸರಿಯೆನಿಸಿತು.

ಮುಂದೆ ಯಾರು ಪೈಪಿನ ಮಾತೆತ್ತಿದರೂ ಮ್ಯಾನೇಜರನದು ಒಂದೇ ಉತ್ತರ: ಸೇಠರು ಖುದ್ದಾಗಿ ಕೇಳಿದಾಗ ಏನೂ ಬೇಡ ಅಂದವರು ನೀವೇ. ಸೇಠರಂತೂ ಬಡವರ ಸಂತೃಪ್ತಿ ಎಷ್ಟು ದೊಡ್ಡದು ನೋಡಿ ಎಂದು ಹೋದ ಸಭೆಯಲ್ಲೆಲ್ಲ ಅವಳ ಮಾತನ್ನೇ ಹೇಳುತ್ತಿದ್ದರಂತೆ. ಮರುವರ್ಷದ ಮಳೆಗಾಲದಲ್ಲಿ ಚಂದ್ರಾಮ ಉಸಿರು ಸಿಗದೆ ಸತ್ತ.

ಸೇಠಾಣಿ ಮಾತಾಡಿಸಲು ಬಂದರು. ನಿಜವಾಗಿಯೂ ಅತ್ತರು. ಈ ಸಲ ಸುಂದ್ರವ್ವ ಮಾನ ಮರ್ಯಾದೆ ಎಲ್ಲ ಬಿಟ್ಟು ಕೇಳಿದಳು: "ಮಶೀನಿಗೆ ನೀರ ಕೊಡಸ್ರಿ ಬಾಯಾರ. ನನಗ ಮತ್ತೇನೂ ಬ್ಯಾಡ." ನೀಲಕಂಠಪ್ಪ ಅದನ್ನು ತಿಳಿಸಿದಾಗ ಸೇಠಾಣಿ ಜೊತೆಗೆ ಬಂದಿದ್ದ ಮ್ಯಾನೇಜರನತ್ತ ತಿರುಗಿದರು. ಅವನು ಬಹಳ ನಯವಾಗಿ, ಗುಡ್ಡಕ್ಕೆ ಬರುವ ಲೈನ್ ಒಂದೇ, ಮಶೀನಿಗೆ ತಿರುಗಿಸಿದರೆ ನಲ್ಲಿ ಬಂದ್ ಆಗುತ್ತದೆ, ಜೋಪಡಿಯವರು ಒಪ್ಪಿದರೆ ನಾಳೆಯೇ ತಿರುಗಿಸುತ್ತೇನೆ ಎಂದ. ಟ್ಯಾಂಕರ್ ತರಿಸಬಹುದಿತ್ತು. ಆ ಮಾತು ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ನಲ್ಲಿಯ ಮುಂದೆ ಪಾಳಿ ಹಚ್ಚಿ ನಿಂತ ಹೆಂಗಸರನ್ನು ಸುಂದ್ರವ್ವ ಕೇಳಿದಳು. ಯಾರೂ ಮುಖ ಕೊಡಲಿಲ್ಲ. ಹಾಲವ್ವನ ಗಂಡ ನಿಂಗಣ್ಣನೂ ಅದೇ ಮಶೀನಿಗೆ ಕಲ್ಲು ಸುರಿಯುವವನು. ಕೊನೆಗೆ ಬಾಯಿಬಿಟ್ಟವಳು ಅವಳೇ.

"ನಿನ್ನ ಗಂಡ ಹ್ವಾದಾ ಅಂತ ನಮ್ಮ ನಲ್ಲಿ ಕಸಗೋತಿ ಏನವಾ? ನಮ್ಮವರಿಗೆ ಇನ್ನೂ ಏನೂ ಆಗಿಲ್ಲ. ನೀರು ದಿನಾ ಬೇಕು."

ಊರಿಗೆಲ್ಲ ಬಾಯಿ ಮಾಡುತ್ತಿದ್ದ ಸುಂದ್ರವ್ವ ತನ್ನ ಕೊಡ ತಂದು ಪಾಳಿಯ ಕೊನೆಗೆ ನಿಂತಳು. ನಲ್ಲಿ ಬರುವ ಮೊದಲು ಸ್ಟೇಷನ್ ಹತ್ತಿರದ ಬಾವಿಯ ನೀರನ್ನು ಅವಳೂ ಹೊತ್ತವಳೇ.

ಸತ್ತವನ ಮನೆಯವರನ್ನು ಬೀದಿಪಾಲು ಮಾಡಬಾರದೆಂಬುದು ಸೇಠರ ಇನ್ನೊಂದು ನೇಮ. ಚಂದ್ರಾಮನ ಕೆಲಸವನ್ನು ಹೆಂಡತಿಗೇ ಕೊಟ್ಟರು, ಜೋಪಡಿ ಉಳಿಯಿತು. ಸುಂದ್ರವ್ವ ಸೆರಗನ್ನು ಮೂಗಿಗೆ ಬಿಗಿದುಕೊಂಡು ಮಶೀನಿನ ಬಾಯಿಯ ಹತ್ತಿರ ನಿಂತಳು. ಎದುರಿಗೆ ನಿಂಗಣ್ಣ. ಅವನು ಬುಟ್ಟಿ ಸುರಿದು, ಬಗ್ಗಿ, ಬಹಳ ಹೊತ್ತು ಕೆಮ್ಮಿದ. ಒಣ ಕೆಮ್ಮು, ಕೊನೆಯಲ್ಲಿ ಸೀಟಿ ಊದಿದಂಥ ಸದ್ದು. ಎರಡು ವರ್ಷ ಚಂದ್ರಾಮನ ಪಕ್ಕದಲ್ಲೇ ಮಲಗಿ ಕೇಳಿದ ಸದ್ದು ಅದು.

"ಥಂಡಿ ಆಗೇತಿ ಅಕ್ಕಾ" ಎಂದ.

"ಹೌದಪಾ, ಥಂಡೀನ" ಎಂದು ಸುಂದ್ರವ್ವ ತನ್ನ ಬುಟ್ಟಿ ಎತ್ತಿದಳು.